ಗುಲಗಂಜಿ ಹುಳು ಕಣಜದ ಮರಿಯನ್ನೂ ತಿನ್ನುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಾಲ್ಕು ಎಕರೆ ಹಿಂಗಾರಿ ಮಾಲ್ದಂಡಿ ಜೋಳ ಇದೆ. ಸುಳಿಯಲ್ಲಿ ಹೇನು ಬಿದ್ದಿದೆ. ಹೋದ ವಾರ ಕೆಲವು ಹೇನು ಕಂದು ಬಣ್ಣಕ್ಕೆ ತಿರುಗಿ ಉಬ್ಬಿದ್ದವು. ಒಳಗೆ ಹೇನನ್ನೇ ತಿಂದು ಬೆಳೆಯುವ ಕಣಜದ ಮರಿ ಇರುತ್ತದೆ ಅಂತ ತಿಳಿದು ಖುಷಿಪಟ್ಟಿದ್ದೆ. ಈಗ ಗುಲಗಂಜಿ ಹುಳು ಬಂದು ಅವನ್ನೂ ತಿನ್ನುತ್ತಿವೆ. ಔಷಧ ಹೊಡೆಯಲೇ? ಬೇರೆ ಮಿತ್ರಕೀಟ ತಂದು ಬಿಡಲೇ?

ಉತ್ತರ: ಅಣ್ಣಾ, ಔಷಧ ಹೊಡೆಯಬೇಡಿ. ಮೂರು ವರ್ಷದ ಹಿಂದೆ ನಾನು ಗಾಬರಿಯಾಗಿ ಹೊಡೆದೆ. ಗುಲಗಂಜಿ ಹುಳು, ಕಣಜ ಎರಡೂ ಸತ್ತವು. ಸುಳಿಯೊಳಗೆ ಅಡಗಿದ್ದ ಹೇನು ಉಳಿದು ಮತ್ತೆ ಹಬ್ಬಿತು. ಎಲೆಯೆಲ್ಲಾ ಅಂಟಾಗಿ, ಮೇಲೆ ಕಪ್ಪು ಬೂಷ್ಟು ಬಂದು, ಕಣಿಕೆಯನ್ನು ಎತ್ತುಗಳು ಮೂಸಿ ಬಿಟ್ಟವು.

ನೀವು ನೋಡಿದ್ದು ನಿಜ. ಕಣಜ ಮೊಟ್ಟೆಯಿಟ್ಟ ಹೇನು ಯಾವುದು, ಬರೀ ಹೇನು ಯಾವುದು ಅಂತ ಗುಲಗಂಜಿ ಹುಳು ನೋಡುವುದಿಲ್ಲ, ಸಿಕ್ಕಿದ್ದನ್ನು ತಿನ್ನುತ್ತದೆ. ಅದರಲ್ಲೂ ಇನ್ನೂ ಉಬ್ಬದ, ಹೊರಗಿನಿಂದ ಮಾಮೂಲಿಯಾಗೇ ಕಾಣುವ ಹೇನು ಒಳಗಿನ ಮರಿಯ ಸಮೇತ ಹೋಗುತ್ತದೆ. ನಮಗೆ ಅದು ಗೊತ್ತೂ ಆಗುವುದಿಲ್ಲ. ಆದರೆ ಕಣಜದ ದೊಡ್ಡ ಕೆಲಸ ಹೇನು ಕಡಿಮೆ ಇದ್ದಾಗಲೇ ನಡೆದಿರುತ್ತದೆ. ಅಲ್ಲೊಂದು ಇಲ್ಲೊಂದು ಇರುವ ಹೇನನ್ನು ಹುಡುಕಿ ಹಿಡಿಯುವುದು ಅದಕ್ಕೇ ಬರುವುದು. ಗುಲಗಂಜಿ ಹುಳು ಬರುವುದು ಹೇನು ದಟ್ಟವಾದ ಮೇಲೆ. ಹಾಗಾಗಿ ಒಂದಿಷ್ಟು ಕಣಜ ಹೋದರೂ ಒಟ್ಟು ಹೇನು ಇಳಿಯುತ್ತಿದೆಯಾ ನೋಡಿ. ಹೊಲದ ನಾಲ್ಕು ಕಡೆ ಐದೈದು ಗಿಡಕ್ಕೆ ದಾರ ಕಟ್ಟಿ, ಮೂರು ದಿನಕ್ಕೊಮ್ಮೆ ಅವೇ ಗಿಡಗಳನ್ನು ನೋಡಿ ಬರೆದಿಡಿ.

ಕಣಜ ಉಳಿಸಲು ನಾನು ಮಾಡುವುದು ಇಷ್ಟು. ಉಬ್ಬಿದ ಹೇನಿರುವ ಎಲೆ ತುಂಡುಗಳನ್ನು ಡಬ್ಬಿಗೆ ಹಾಕಿ, ಬಾಯಿಗೆ ಸೊಳ್ಳೆ ಪರದೆ ಕಟ್ಟಿ, ನೆರಳಲ್ಲಿ ಗಿಡಕ್ಕೆ ನೇತು ಹಾಕುತ್ತೇನೆ. ಗುಲಗಂಜಿ ಹುಳು ಒಳಗೆ ಹೋಗಲಾರದು, ಸಣ್ಣ ಕಣಜ ಹೊರಗೆ ಬರುತ್ತದೆ. ಆಮೇಲೆ ಆ ಉಬ್ಬಿದ ಹೇನಿನ ತೂತು ನೋಡಿ. ದುಂಡಗೆ, ನಯವಾಗಿದ್ದರೆ ಬಂದದ್ದು ನಮ್ಮ ಕಣಜ. ಅಂಚು ಹರಿದಂತಿದ್ದರೆ ನಮ್ಮ ಕಣಜವನ್ನೇ ತಿಂದು ಬೆಳೆದ ಇನ್ನೊಂದು ಕಣಜ. ಅಂಥವೇ ಜಾಸ್ತಿ ಕಂಡರೆ ಡಬ್ಬಿ ಕಟ್ಟಬೇಡಿ.

ಇನ್ನೊಬ್ಬರು: ದುಡ್ಡು ಕೊಟ್ಟು, ಹೇನು ತಿನ್ನುವ ಹಸಿರು ಜಾಲರೆಕ್ಕೆ ಕೀಟದ ಮೊಟ್ಟೆ ತಂದು ಬಿಡುವ ಯೋಚನೆ ಇದ್ದರೆ ಈಗ ಬೇಡ. ಅದರ ಮರಿ ಗುಲಗಂಜಿ ಹುಳುವಿನ ಹಳದಿ ಮೊಟ್ಟೆಗಳನ್ನೂ ತಿನ್ನುತ್ತದೆ. ಇರುವೆ ಸಾಲು ಇದೆಯಾ ನೋಡಿ. ಇರುವೆ ಹೇನು ಬಿಡುವ ಸಿಹಿ ಅಂಟಿನ ಆಸೆಗೆ ಹೇನನ್ನು ಕಾಯುತ್ತದೆ, ಕಣಜ, ಗುಲಗಂಜಿ ಹುಳು ಎರಡನ್ನೂ ಓಡಿಸುತ್ತದೆ.

ಮುಂದಿನ ವರ್ಷ ಜೋಳದ ನಡುನಡುವೆ ಕುಸುಬೆಯ ಅಕ್ಕಡಿ ಸಾಲು ಹಾಕಿ ಅಣ್ಣಾ. ಕುಸುಬೆಯ ಕರಿ ಹೇನು ಜೋಳಕ್ಕೆ ಹತ್ತುವುದಿಲ್ಲ. ಗುಲಗಂಜಿ ಹುಳುಗಳಿಗೆ ಅಲ್ಲೂ ಊಟ ಸಿಗುತ್ತದೆ.

ಪ್ರಶ್ನೆ ಕೇಳಿದವರು: ಇವತ್ತು ಇಪ್ಪತ್ತು ಗಿಡಕ್ಕೆ ದಾರ ಕಟ್ಟಿದೆ. ಬದುವಿನ ಕಡೆಯ ಎರಡು ಗಿಡದಲ್ಲಿ ಇರುವೆ ಇವೆ. ಮೂರು ದಿನ ಬಿಟ್ಟು ಲೆಕ್ಕ ಹಾಕುತ್ತೇನೆ.