ಅಂಚು ಯಾವುದು, ಮಾರ್ಜಿನ್ ಯಾವುದು? ಆಮಂತ್ರಣ ಪತ್ರದ ಕೈಪಿಡಿಗೆ ಕೆಲವು ಪದಗಳು ಬೇಕಾಗಿವೆ

ಪದಾಸಕ್ತರೆಲ್ಲರಿಗೂ ನಮಸ್ಕಾರ.

ಹುಟ್ಟುಹಬ್ಬ, ಬೀಳ್ಕೊಡುಗೆ, ಹಳೆಯ ಗೆಳೆಯರ ಕೂಟ ಮೊದಲಾದ ಸಣ್ಣ ಸಂದರ್ಭಗಳಿಗೆ ಮನೆಯ ಕಂಪ್ಯೂಟರಿನಲ್ಲಿಯೇ ಆಮಂತ್ರಣ ಪತ್ರವನ್ನು ಸಿದ್ಧಪಡಿಸುವುದು ಹೇಗೆ ಎಂಬುದರ ಕುರಿತು ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಓದುವವರು ವಿನ್ಯಾಸ ಕಲಿತವರಲ್ಲ. ವರ್ಡ್‌ನಲ್ಲಿಯೋ ಲಿಬ್ರೆ ಆಫೀಸ್ ರೈಟರ್‌ನಲ್ಲಿಯೋ ಪತ್ರ ಬರೆದು ಅಭ್ಯಾಸವಿರುವವರು. ಒಂದು ಕೈ ಮೌಸ್ ಮೇಲಿದ್ದು, ಕಣ್ಣು ಒಮ್ಮೆ ಪರದೆಯ ಮೇಲೆ, ಒಮ್ಮೆ ಕೈಪಿಡಿಯ ಮೇಲೆ ಓಡಾಡುತ್ತಿರುತ್ತದೆ. ಅಂಥವರಿಗೆ ಬರೆದ ಸೂಚನೆ ಒಂದೇ ಓದಿಗೆ ತಿಳಿಯಬೇಕು. ಒಂದು ಪದಕ್ಕೆ ಎರಡು ಅರ್ಥವಿದ್ದರೆ ಸಾಹಿತ್ಯದಲ್ಲಿ ಅದು ಸೊಗಸು, ಸೂಚನೆಯಲ್ಲಿ ಕೆಡುಕು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೆಳಗಿನ ಎಲ್ಲ ಪ್ರಶ್ನೆಗಳನ್ನೂ ಇದೇ ಅಳತೆಗೋಲಿನಿಂದ ಅಳೆಯಬೇಕೆಂಬುದು ನನ್ನ ಕೋರಿಕೆ.

ಎಲ್ಲಕ್ಕಿಂತ ದೊಡ್ಡ ತೊಡಕು ‘ಅಂಚು’. ವರ್ಡ್‌ನಲ್ಲಿ ಪುಟದ ಸುತ್ತ ಹೂಬಳ್ಳಿಯದೋ ನಕ್ಷತ್ರದ್ದೋ ಬಾರ್ಡರ್ ಹಾಕಲು ಹೊರಟರೆ, ಅದನ್ನು ಎಲ್ಲಿಂದ ಅಳೆಯಬೇಕು ಎಂದು ಕೇಳುವ ಒಂದು ಆಯ್ಕೆ ಇದೆ: ಕಾಗದದ ತುದಿಯಿಂದಲೋ, ಬರಹದಿಂದಲೋ. ನಾವು ಏನನ್ನೂ ಬದಲಿಸದಿದ್ದರೆ ಕಾಗದದ ತುದಿಯಿಂದ 24 ಪಾಯಿಂಟ್ ಎಂದಿರುತ್ತದೆ. ಹೆಚ್ಚೆಂದರೆ 31ರವರೆಗೆ ಏರಿಸಬಹುದು. ಅಂಗುಲಕ್ಕೆ 72 ಪಾಯಿಂಟ್ ಆದ್ದರಿಂದ 24 ಪಾಯಿಂಟ್ ಎಂದರೆ ಸುಮಾರು ಎಂಟೂವರೆ ಮಿಲಿಮೀಟರ್. ಇದು ಕ್ಷುಲ್ಲಕ ಸಂಗತಿಯೇನಲ್ಲ. ಮನೆಯಲ್ಲಿ ಬಳಸುವ ಪ್ರಿಂಟರ್‌ಗಳಲ್ಲಿ ಬಹುಪಾಲು ಹಾಳೆಯ ಕಟ್ಟಕಡೆಯವರೆಗೆ ಮುದ್ರಿಸುವುದಿಲ್ಲ, ಸುತ್ತಲೂ ಕೆಲವು ಮಿಲಿಮೀಟರ್ ಖಾಲಿ ಬಿಡುತ್ತವೆ. ಬಾರ್ಡರ್ ಆ ಖಾಲಿ ಜಾಗಕ್ಕೆ ಸರಿದರೆ ಮೂರು ಕಡೆ ಬಳ್ಳಿ ಬಂದು, ಕೆಳಗಿನ ಸಾಲು ಮಾತ್ರ ಮಾಯವಾಗಿರುತ್ತದೆ. ಆದ್ದರಿಂದ ಈ ಅಳತೆಯನ್ನು ಕೈಪಿಡಿಯಲ್ಲಿ ಹೇಳದೆ ವಿಧಿಯಿಲ್ಲ.

ಈಗ ಇದನ್ನು ರೂಢಿಯ ಪದದಲ್ಲಿಯೇ ಬರೆದು ನೋಡಿ: “ಅಂಚನ್ನು ಅಂಚಿನಿಂದ 24 ಪಾಯಿಂಟ್ ಒಳಗೆ ಇರಿಸಿ; ಅಂಚು ಅದಕ್ಕಿಂತ ಕಿರಿದಾದರೆ ಬರಹವು ಅಂಚಿನ ಮೇಲೆ ಬೀಳುತ್ತದೆ.” ವಾಕ್ಯದಲ್ಲಿ ತಪ್ಪಿಲ್ಲ. ಆದರೆ ಮೊದಲನೆಯ ಅಂಚು ಬಾರ್ಡರ್, ಎರಡನೆಯದು ಕಾಗದದ ತುದಿ, ಮೂರನೆಯದು ಮಾರ್ಜಿನ್, ನಾಲ್ಕನೆಯದು ಮತ್ತೆ ಬಾರ್ಡರ್. ಮೂರು ಬೇರೆ ಬೇರೆ ವಸ್ತುಗಳು ಒಂದೇ ಹೆಸರಿನಡಿ ಕುಳಿತಿವೆ. ಓದುಗ ಕಂಗೆಡದೆ ಇನ್ನೇನು ಮಾಡಿಯಾನು?

ಕಾಗದ ಮುಗಿಯುವ ಕಡೆಯನ್ನು ‘ಅಂಚು’ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಕೆರೆಯಂಚು, ಬಾವಿಯಂಚು, ಅಳಿವಿನಂಚು ಎಂದು ಎಲ್ಲ ಕಡೆಯೂ ಅದು ಒಂದು ವಸ್ತು ಕೊನೆಗೊಳ್ಳುವ ತಾಣವನ್ನೇ ತೋರಿಸುತ್ತದೆ. ಉಳಿದ ಎರಡಕ್ಕೆ ಬೇರೆ ಪದ ಬೇಕು.

ಬಾರ್ಡರ್‌ಗೆ ‘ಚೌಕಟ್ಟು’ ಎಂದು ಕೆಲವರು ಬರೆಯುತ್ತಾರೆ. ಆದರೆ ಅದು ನಾಲ್ಕೂ ಕಡೆ ಮುಚ್ಚಿದ ಆಕೃತಿ. ಆಮಂತ್ರಣದ ತಲೆಗೆ ಒಂದು, ಬುಡಕ್ಕೆ ಒಂದು ಪಟ್ಟಿ ಹಾಕಿ ಪಕ್ಕಗಳನ್ನು ಬಿಟ್ಟುಬಿಟ್ಟರೆ ಅದನ್ನು ಚೌಕಟ್ಟು ಎನ್ನಲು ನಾಲಗೆ ಹಿಂಜರಿಯುತ್ತದೆ. ಜೊತೆಗೆ ಬರಹವನ್ನು ಬೇಕಾದ ಕಡೆ ಕೂರಿಸುವ ಪೆಟ್ಟಿಗೆಗೂ ಚೌಕಟ್ಟು ಎಂಬ ಹೆಸರೇ ಹೆಚ್ಚು ಒಪ್ಪುತ್ತದೆ, ಅದನ್ನು ಅಲ್ಲಿಗೆ ಮೀಸಲಿಡುವುದು ಒಳ್ಳೆಯದು. ‘ಸುತ್ತುಗೆರೆ’ ಬರಿಯ ಗೆರೆಗೆ ಸರಿ, ಬಳ್ಳಿಗೆ ಸಾಲದು. ನನ್ನ ಮನಸ್ಸಿಗೆ ತುಂಬ ಹಿಡಿಸಿದ್ದು ‘ಕರೆ’. ಪಂಚೆಯ ಕರೆ, ಸೀರೆಯ ಕರೆ ಎನ್ನುವಾಗ ಬಟ್ಟೆಯ ತುದಿಗುಂಟ ನೇಯ್ದ ಅಲಂಕಾರದ ಪಟ್ಟಿಯೇ ಕಣ್ಣಿಗೆ ಬರುತ್ತದೆ. ಪುಟದ ಬಾರ್ಡರ್ ಮಾಡುವ ಕೆಲಸವೂ ಅದೇ. ಆದರೆ ಕರೆಯೋಲೆಯನ್ನು ಕುರಿತ ಪುಸ್ತಕದಲ್ಲಿಯೇ ‘ಕರೆ’ಗೆ ಆಹ್ವಾನ ಎಂಬ ಅರ್ಥವೂ ಇರುವುದರಿಂದ ಒಂದು ಗೊಂದಲ ತೊಲಗಿಸಲು ಹೋಗಿ ಇನ್ನೊಂದನ್ನು ಕರೆದಂತಾಗುತ್ತದೆ. ಸದ್ಯಕ್ಕೆ ‘ಅಂಚುಪಟ್ಟಿ’ ಎಂದು ಬರೆದುಕೊಂಡಿದ್ದೇನೆ. ಪಟ್ಟಿ ಎಂದರೆ ಯಾದಿ ಎಂಬ ಅರ್ಥವೂ ಇದೆಯಾದರೂ ‘ಅಂಚು’ ಮುಂದೆ ಬಂದಾಗ ಯಾರೂ ಹಾಗೆ ತಿಳಿಯುವುದಿಲ್ಲ ಎಂದು ನನ್ನ ನಂಬಿಕೆ.

ಮಾರ್ಜಿನ್ ವಿಷಯ ಇನ್ನೂ ಸೂಕ್ಷ್ಮ. ಶಾಲೆಯ ನೋಟ್‌ಬುಕ್ಕಿನಲ್ಲಿ ಮಾರ್ಜಿನ್ ಗೆರೆ ಎಳೆದವರೆಲ್ಲರಿಗೂ ಆ ಪದ ಗೊತ್ತು. ಅದನ್ನೇ ಉಳಿಸಿಕೊಂಡರೆ ಸಾಕಲ್ಲ ಎನ್ನಬಹುದು. ತೊಂದರೆ ಏನೆಂದರೆ ಎರಡು ತಂತ್ರಾಂಶಗಳಲ್ಲಿ ಮಾರ್ಜಿನ್ ಒಂದೇ ವಸ್ತುವಲ್ಲ. ವರ್ಡ್‌ನಲ್ಲಿ ಅದು ಕಾಗದದ ಅಂಚಿನಿಂದ ಬರಹದವರೆಗಿನ ಪೂರ್ತಿ ಜಾಗ. ಬಾರ್ಡರ್ ಆ ಜಾಗದ ನಡುವೆ ಎಲ್ಲೋ ಕೂರುತ್ತದೆ. ರೈಟರ್‌ನಲ್ಲಿ ಅದು ಕಾಗದದ ಅಂಚಿನಿಂದ ಬಾರ್ಡರ್‌ವರೆಗೆ ಮಾತ್ರ. ಬಾರ್ಡರ್‌ನಿಂದ ಬರಹದವರೆಗಿನ ಜಾಗವನ್ನು ಪ್ಯಾಡಿಂಗ್ ಎಂದು ಬೇರೆಯಾಗಿ ಅಳೆಯುತ್ತಾರೆ. ವರ್ಡ್‌ಗೆಂದು 20 ಮಿಲಿಮೀಟರ್ ಎಂದು ಕೊಟ್ಟ ಸೂಚನೆಯನ್ನು ರೈಟರ್‌ನಲ್ಲಿ ಅನುಸರಿಸಿದವನ ಬಳ್ಳಿ ಪುಟದ ಒಳಕ್ಕೆ ಸರಿದು ನಿಲ್ಲುತ್ತದೆ. ಹೀಗಾಗಿ ‘ಹೊರಬಿಡುವು’, ‘ಒಳಬಿಡುವು’ ಎಂದು ಎರಡು ಪದಗಳನ್ನು ಇಟ್ಟುಕೊಂಡು, ಎರಡೂ ಸೇರಿದ್ದನ್ನು ಮಾರ್ಜಿನ್ ಎಂದರೆ ಹೇಗೆ? ಅಂಚು, ಹೊರಬಿಡುವು, ಅಂಚುಪಟ್ಟಿ, ಒಳಬಿಡುವು, ಬರಹ. ಹೊರಗಿನಿಂದ ಒಳಕ್ಕೆ ಬರುವ ಕ್ರಮವೂ ಇದೇ. ‘ಬಿಡುವು’ ಒಂಟಿಯಾಗಿ ಬಂದರೆ ವಿರಾಮ ಎಂಬ ಅರ್ಥ ಮುಂದಾಗುತ್ತದೆ, ನಿಜ. ಆದರೆ ‘ಹೊರ’, ‘ಒಳ’ ಸೇರಿದಾಗ ಬಿಟ್ಟ ಜಾಗ ಎಂಬುದೇ ಮೇಲಾಗುತ್ತದೆ ಎಂದು ನನಗೆ ತೋರುತ್ತದೆ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದ ಹಿರಿಯರ ಬಾಯಲ್ಲಿ ಇದಕ್ಕೆ ಸಿದ್ಧಪದವೇನಾದರೂ ಇತ್ತೇ? ಬಲ್ಲವರು ದಯವಿಟ್ಟು ತಿಳಿಸಬೇಕು. ಅಂಥ ಪದ ಸಿಕ್ಕರೆ ನನ್ನ ಹೊಸ ಪದಗಳನ್ನು ಸಂತೋಷದಿಂದ ಕೈಬಿಡುತ್ತೇನೆ.

ಎರಡನೆಯದು ‘ತಿರುಗಿಸು’. ಎ4 ಹಾಳೆಯನ್ನು ಎರಡು ಬಾರಿ ಮಡಚಿದರೆ 105 ಮಿಲಿಮೀಟರ್ ಅಗಲ, 148 ಮಿಲಿಮೀಟರ್ ಎತ್ತರದ ಮುದ್ದಾದ ಕಾರ್ಡ್ ಆಗುತ್ತದೆ. ಅದರ ಅನುಕೂಲವೆಂದರೆ ಹಾಳೆಯ ಒಂದೇ ಬದಿಗೆ ಮುದ್ರಿಸಿದರೆ ಸಾಕು. ಹಾಳೆಯನ್ನು ಉದ್ದಕ್ಕೆ ಹಿಡಿದರೆ ಕೆಳಗಿನ ಬಲದ ಕಾಲುಭಾಗ ಮುಖಪುಟ, ಕೆಳಗಿನ ಎಡದ ಕಾಲುಭಾಗ ಹಿಂಬದಿ, ಮೇಲಿನ ಎರಡು ಕಾಲುಭಾಗಗಳು ಒಳಪುಟಗಳು. ಮೇಲಿನ ಅರ್ಧವನ್ನು ಹಿಂದಕ್ಕೆ ಮಡಚಿದಾಗ ಒಳಪುಟಗಳ ಬರಹ ನೆಟ್ಟಗೆ ಕಾಣಬೇಕಾದರೆ ಅವನ್ನು ಪರದೆಯಲ್ಲಿ ತಲೆಕೆಳಗಾಗಿ ಇರಿಸಬೇಕು. ಇಲ್ಲಿ “ಚೌಕಟ್ಟನ್ನು ತಿರುಗಿಸಿ” ಎಂದು ಬರೆದರೆ ಕೆಲವರು ಅದನ್ನು 180 ಡಿಗ್ರಿ ಸುತ್ತಿಸುತ್ತಾರೆ, ಕೆಲವರು ಕನ್ನಡಿಯ ಬಿಂಬ ಮಾಡುವ ಗುಂಡಿಯನ್ನು ಒತ್ತುತ್ತಾರೆ. ಅದೇ ಕೈಪಿಡಿಯಲ್ಲಿ ಮುಂದೆ “ಹಾಳೆಯನ್ನು ತಿರುಗಿಸಿ ಮತ್ತೆ ಪ್ರಿಂಟರ್‌ಗೆ ಹಾಕಿ” ಎಂದರೆ ಮೂರನೆಯ ಚಲನೆ: ಹಿಂಬದಿಯನ್ನು ಮೇಲೆ ಮಾಡುವುದು.

ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಪದ ಕೈಯಳತೆಯಲ್ಲೇ ಇದೆ: ‘ಮಗುಚು’. ಪುಟ ಮಗುಚು ಎಂದರೆ ಹಿಂಬದಿ ಮೇಲೆ ಬಂತೆಂದೇ ಅರ್ಥ, ಅಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಹಾಗಾದರೆ ಇದ್ದಲ್ಲಿಯೇ ಸುತ್ತಿಸುವುದಕ್ಕೆ ‘ತಿರುಗಿಸು’, ಹಿಂಬದಿ ಮೇಲೆ ಮಾಡುವುದಕ್ಕೆ ‘ಮಗುಚು’, ಎಡಬಲ ಅದಲುಬದಲಾಗುವುದಕ್ಕೆ ‘ಕನ್ನಡಿಸು’ ಎಂದಿಡಬಹುದೇ? ಕೊನೆಯದು ಕನ್ನಡಕ್ಕೆ ಅನುವಾದಿಸು ಎಂಬ ಅರ್ಥದಲ್ಲಿ ಚಾಲ್ತಿಯಲ್ಲಿರುವುದರಿಂದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ‘ಕನ್ನಡಿಬಿಂಬ ಮಾಡು’ ಎಂದು ಉದ್ದವಾಗಿ ಬರೆಯುವುದೇ ಮೇಲೇನೋ. ಅಂದಹಾಗೆ, ಅಡ್ಡ ಹಾಳೆಯ ಎರಡೂ ಬದಿಗೆ ಮುದ್ರಿಸಿ ಒಮ್ಮೆ ಮಡಚುವ ಕಾರ್ಡ್‌ಗೆ ಪ್ರಿಂಟರ್‌ನಲ್ಲಿ ಗಿಡ್ಡ ಅಂಚಿನ ಮೇಲೆ ಮಗುಚುವ ಆಯ್ಕೆಯನ್ನು ಆರಿಸಬೇಕು, ಉದ್ದ ಅಂಚಾದರೆ ಒಳಗಿನದು ತಲೆಕೆಳಗಾಗುತ್ತದೆ. ಈ ವಾಕ್ಯದಲ್ಲಿ ಅಂಚು ಕಾಗದದ ತುದಿಯೊಂದನ್ನೇ ಹೇಳುತ್ತಿದೆ. ಮೇಲಿನ ವಿಂಗಡಣೆ ಇಲ್ಲಿಯೂ ನೆರವಿಗೆ ಬರುತ್ತದೆ.

ಮೂರನೆಯದು ಪದದ ಪ್ರಶ್ನೆಯಷ್ಟೇ ಅಲ್ಲ, ವಿಭಕ್ತಿಯ ಪ್ರಶ್ನೆಯೂ ಹೌದು. ಅತಿಥಿಗಳ ಹೆಸರುಗಳನ್ನು ಒಂದು ಕೋಷ್ಟಕದಲ್ಲಿ ಬರೆದಿಟ್ಟು, ಪ್ರತಿ ಪತ್ರದಲ್ಲಿಯೂ ಒಂದೊಂದು ಹೆಸರು ತಾನಾಗಿ ಕೂರುವಂತೆ ಮಾಡುವ ಸೌಲಭ್ಯವನ್ನು ಮೇಲ್ ಮರ್ಜ್ ಎನ್ನುತ್ತಾರೆ. ಆಮಂತ್ರಣವನ್ನು ಕೈಯಲ್ಲಿ ಕೊಟ್ಟರೆ ಅಂಚೆಯ ಸಂಬಂಧವೇ ಇಲ್ಲದ್ದರಿಂದ ‘ಅಂಚೆ ವಿಲೀನ’ದಂಥ ಪದಕ್ಕಿಂತ ‘ಹೆಸರುಜೋಡಣೆ’ ವಾಸಿ ಎಂದು ನನ್ನ ಅಭಿಪ್ರಾಯ. ಆದರೆ ಜೋಡಿಸುವಾಗಲೇ ಕನ್ನಡ ತನ್ನ ಸ್ವಭಾವವನ್ನು ತೋರಿಸುತ್ತದೆ. ಖಾಲಿ ಜಾಗದ ಮುಂದೆ ‘ಗೆ’ ಎಂದು ಬರೆದಿಟ್ಟರೆ ಸ್ವಾತಿಗೆ ಸರಿಯಾಗುತ್ತದೆ. ಮಧು ಬಂದರೆ ಮಧುವಿಗೆ ಆಗಬೇಕು, ಅರುಣ ಬಂದರೆ ಅರುಣನಿಗೆ, ಗೀತಾ ಬಂದರೆ ಗೀತಾಳಿಗೆ. ವ್ಯಂಜನದಲ್ಲಿ ನಿಲ್ಲುವ ಕಿರಣ್ ಬಂದರಂತೂ ಹೆಸರಿನ ಕೊನೆಯ ಅರ್ಧಾಕ್ಷರ ‘ಗೆ’ಯೊಡನೆ ಬೆಸೆದುಕೊಂಡು ‘ಕಿರಣ್ಗೆ’ ಎಂಬ ವಿಚಿತ್ರ ಒತ್ತಕ್ಷರ ಮೂಡುತ್ತದೆ. ‘ಕಿರಣ್‌ಗೆ’ ಎಂದು ಬಿಡಿಸಿ ಕಾಣಬೇಕಾದರೆ ನಡುವೆ ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಇರಬೇಕು.

‘ಅವರಿಗೆ’ ಎಂದು ಬಿಡಿಯಾಗಿ ಬರೆದರೆ ಎಲ್ಲ ಹೆಸರುಗಳಿಗೂ ಹೊಂದುತ್ತದೆ. ಮಧು ಅವರಿಗೆ, ಕಿರಣ್ ಅವರಿಗೆ. ನಮ್ಮ ಗೌರವವಾಚಕ ಇಲ್ಲಿ ತಂತ್ರಜ್ಞಾನದ ಗಂಟನ್ನೂ ಬಿಡಿಸಿಕೊಡುತ್ತದೆ ಎಂಬುದು ನಿಜಕ್ಕೂ ಸಂತೋಷದ ವಿಷಯ. ಆದರೆ ಐದು ವರ್ಷದ ಮಗುವಿನ ಹುಟ್ಟುಹಬ್ಬಕ್ಕೆ ಕರೆಯುವುದು ಅದೇ ವಯಸ್ಸಿನ ಮಕ್ಕಳನ್ನು. ‘ಸ್ವಾತಿ ಅವರಿಗೆ’ ಎಂದು ಬರೆದರೆ ಆ ಮಗುವಿನ ಕಣ್ಣಿಗೆ ಅದು ಯಾರದೋ ಪತ್ರ. ಅಲ್ಲಿ ‘ಪ್ರೀತಿಯ ಸ್ವಾತಿ’ ಎಂದು ಸಂಬೋಧನೆಗೆ ಹೊರಳಿದರೆ ಪ್ರತ್ಯಯದ ಗೊಡವೆಯೇ ಇರುವುದಿಲ್ಲ. ಕರೆಯುವ ಮನೆಯ ಮಗುವಿನ ಹೆಸರಿಗೆ ಮಾತ್ರ ಈ ದಾರಿಯಿಲ್ಲ: ಸ್ವಾತಿಯ ಹುಟ್ಟುಹಬ್ಬ, ಮಧುವಿನ ಹುಟ್ಟುಹಬ್ಬ, ಅರುಣನ ಹುಟ್ಟುಹಬ್ಬ. ಸಿದ್ಧ ವಿನ್ಯಾಸದಲ್ಲಿ ಖಾಲಿ ಜಾಗ ಬಿಡುವವರು ಪ್ರತ್ಯಯವನ್ನು ಮುದ್ರಿಸಿಬಿಡದೆ, ಹೆಸರಿನ ಜೊತೆಗೆ ಅದನ್ನೂ ಬರೆಯುವಷ್ಟು ಜಾಗ ಬಿಡಬೇಕು ಎಂದು ಕೈಪಿಡಿಯಲ್ಲಿ ಒತ್ತಿ ಹೇಳಿದ್ದೇನೆ. ಪ್ರತ್ಯಯ ಸಹಿತವಾದ ಹೆಸರಿಗೆ ಓದುಗರು ಹೆದರದಂಥ ಒಂದು ಪದ ಬೇಕು. ‘ಪದ’ ಎಂಬುದು ವ್ಯಾಕರಣದಲ್ಲಿ ಅದೇ ಆದರೂ ಸಾಮಾನ್ಯ ಓದುಗನಿಗೆ ಹಾಗೆ ತಿಳಿಯದು.

ಸಿದ್ಧ ವಿನ್ಯಾಸ ಎಂದೆನಲ್ಲ, ಅದು ಟೆಂಪ್ಲೇಟ್. ‘ನಮೂನೆ’ ಎಂದರೆ ಕಚೇರಿಯ ಅರ್ಜಿ ನೆನಪಾಗುತ್ತದೆ. ‘ಮಾದರಿ’ ಎಂದರೆ ನೋಡಿ ಅನುಕರಿಸುವಂಥದ್ದು. ಟೆಂಪ್ಲೇಟ್‌ನ ವಿಶೇಷವೇ ಬೇರೆ: ಅದನ್ನು ತೆರೆದರೆ ಹೆಸರಿಲ್ಲದ ಹೊಸ ಪ್ರತಿ ಬರುತ್ತದೆ, ಮೂಲ ಹಾಗೆಯೇ ಉಳಿಯುತ್ತದೆ. ಮಾದರಿ ಎಂದು ಬರೆದರೆ ಮೂಲ ಕಡತವನ್ನೇ ತಿದ್ದಿ ಉಳಿಸುವವರು ಇರುತ್ತಾರೆ. ‘ಅಚ್ಚು’ ಈ ಅರ್ಥಕ್ಕೆ ಬಲು ಹತ್ತಿರ, ತಾನು ಮಾಸದೆ ಹಲವನ್ನು ಕೊಡುವುದು ಅದರ ಗುಣ. ಆದರೆ ಮುದ್ರಣಕ್ಕೂ ಅಚ್ಚು ಎಂದೇ ಹೇಳುತ್ತೇವೆ. ಟೆಂಪ್ಲೇಟ್ ಎಂದೇ ಇರಲಿ ಎನ್ನುವವರ ಪಕ್ಷಕ್ಕೆ ನಾನು ಅರ್ಧ ವಾಲಿದ್ದೇನೆ.

ಪಾರ್ಟಿಗೆ ಹೆಚ್ಚು ಚರ್ಚೆ ಬೇಡ. ‘ಔತಣಕೂಟ’ ಊಟವನ್ನು ಮುಂದೆ ಮಾಡುತ್ತದೆ, ‘ಸಂತೋಷಕೂಟ’ ದೊಡ್ಡವರಿಗೆ ಚೆನ್ನ, ಮಕ್ಕಳಿಗೆ ‘ಪಾರ್ಟಿ’ಯೇ ಸಹಜ.

ಆಮಂತ್ರಣ, ಆಹ್ವಾನಗಳ ನಡುವೆ ವ್ಯತ್ಯಾಸವಿದೆಯೇ ಎಂದು ಕೇಳುವವರಿದ್ದಾರೆ. ಇಂದಿನ ಕನ್ನಡದಲ್ಲಿ ನನಗೆ ಅಂಥದ್ದೇನೂ ಕಾಣುವುದಿಲ್ಲ. ಸಂಸ್ಕೃತ ವ್ಯಾಕರಣದಲ್ಲಿ ಮಾತ್ರ ಪಾಣಿನಿಯ 3.3.161ನೆಯ ಸೂತ್ರ ‘ನಿಮಂತ್ರಣ’ ಮತ್ತು ‘ಆಮಂತ್ರಣ’ವನ್ನು ಬೇರೆ ಬೇರೆ ಎಣಿಸುತ್ತದೆ. ವ್ಯಾಖ್ಯಾನಕಾರರ ಪ್ರಕಾರ ನಿಮಂತ್ರಣಕ್ಕೆ ಹೋಗಲೇಬೇಕು, ಆಮಂತ್ರಣಕ್ಕೆ ಹೋಗುವುದೂ ಬಿಡುವುದೂ ಕರೆಸಿಕೊಂಡವನ ಇಚ್ಛೆ. ಹಾಗಿದ್ದರೆ “ಬರುವಿರಾ ಎಂಬುದನ್ನು ಮುಂಚಿತವಾಗಿ ತಿಳಿಸಿ” ಎಂಬ ಸಾಲಿರುವ ಪತ್ರಕ್ಕೆ ‘ಆಮಂತ್ರಣ’ವೇ ತಕ್ಕ ಹೆಸರು. ಅದಕ್ಕಾಗಿಯೇ ಕೈಪಿಡಿಯುದ್ದಕ್ಕೂ ಆ ಪದವನ್ನು ಬಳಸಿದ್ದೇನೆ.

ಕೊನೆಯದಾಗಿ ಸಾಲುಗಳ ನಡುವಿನ ಜಾಗ. ರೋಮನ್ ಲಿಪಿಗೆಂದು ರೂಪಿಸಿದ ವಿನ್ಯಾಸದಲ್ಲಿ ಸಾಲುಗಳ ಎತ್ತರವನ್ನು ಇಂತಿಷ್ಟೇ ಎಂದು ಕಟ್ಟಿಟ್ಟಿದ್ದರೆ, ಅಲ್ಲಿ ಕನ್ನಡ ಹಾಕಿದಾಗ ಮೇಲಿನ ಸಾಲಿನ ಒತ್ತಕ್ಷರವೂ ಕೆಳಗಿನ ಸಾಲಿನ ಗುಡಿಸೂ ಒಂದರ ಮೇಲೊಂದು ಏರುತ್ತವೆ. ಕೆಲವೊಮ್ಮೆ ಒತ್ತೇ ಕತ್ತರಿಸಿಹೋಗಿ, ದೊಡ್ಡ ಅಕ್ಷರದ ಶೀರ್ಷಿಕೆ ‘ಹುಟುಹಬ’ ಎಂದು ಉಳಿಯುತ್ತದೆ. ಅಳತೆಯನ್ನು ‘ಇಷ್ಟೇ’ ಎಂಬುದರಿಂದ ‘ಕನಿಷ್ಠ ಇಷ್ಟು’ ಎಂಬುದಕ್ಕೆ ಬದಲಿಸಿದರೆ ಸರಿಹೋಗುತ್ತದೆ. ಈ ಜಾಗಕ್ಕೆ ‘ಸಾಲಂತರ’ ಎಂದಿದ್ದೇನೆ. ‘ಸಾಲೆಡೆ’ ಇನ್ನೂ ಚಿಕ್ಕದು, ಅಚ್ಚಗನ್ನಡ, ಆದರೆ ಓದಿದ ಕೂಡಲೇ ಹೊಳೆಯುತ್ತದೆಯೇ ಎಂಬುದೇ ಪ್ರಶ್ನೆ.

ಉತ್ತರಿಸುವವರು ಪದವನ್ನಷ್ಟೇ ಸೂಚಿಸದೆ, ಅದನ್ನು ಒಂದು ಸೂಚನಾ ವಾಕ್ಯದಲ್ಲಿ ಬಳಸಿ ತೋರಿಸಿದರೆ ಬಹಳ ಉಪಕಾರವಾಗುತ್ತದೆ. ನನಗೆ ತುರ್ತಾಗಿ ಬೇಕಾಗಿರುವುದು ಬಾರ್ಡರ್ ಮತ್ತು ಪ್ಯಾಡಿಂಗ್ ಎರಡಕ್ಕೆ. ಮಿಕ್ಕವು ನಿಧಾನವಾಗಿ ಬಂದರೂ ಸರಿ.