ಕೆಜಿಎಫ್ ಹೆಡ್‌ಗೇರ್: ಕೆಂಪು ಫಿಲ್ಟರ್ ಹಾಕಿದರೆ ಕಬ್ಬಿಣ ಆಕಾಶದಲ್ಲೇ ಕರಗಿ ಹೋಗುತ್ತಿದೆ, ಏನು ಮಾಡಲಿ?

ಗಣಿದಾರಿ:
ಎಲ್ಲರಿಗೂ ನಮಸ್ಕಾರ. ಕೆಜಿಎಫ್‌ನಲ್ಲಿ ಉಳಿದಿರುವ ಹೆಡ್‌ಗೇರ್‌ಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆಯುತ್ತಿದ್ದೇನೆ. ಶಾಫ್ಟ್ (ಗಣಿಯೊಳಗೆ ಇಳಿಯುವ ಬಾವಿ) ಮೇಲೆ ನಿಂತಿರುವ, ತುದಿಯಲ್ಲಿ ದೊಡ್ಡ ಚಕ್ರ ಇರುವ ಕಬ್ಬಿಣದ ಗೋಪುರಗಳು. ಗಣಿ 2001ರಲ್ಲೇ ಮುಚ್ಚಿದ್ದು, ಈಗ ಕಬ್ಬಿಣಕ್ಕೆ ತುಕ್ಕು ಹಿಡಿದಿದೆ. ಕ್ಯಾಮೆರಾ ಹಳೆಯ ಮ್ಯಾನುಯಲ್ ಎಸ್‌ಎಲ್‌ಆರ್, 50 ಎಂಎಂ ಲೆನ್ಸ್, ಫಿಲ್ಮ್ ಎಚ್‌ಪಿ5.

ಆಕಾಶ ಕಪ್ಪಗೆ ಬರಲಿ ಅಂತ 25 ನಂಬರ್ ಕೆಂಪು ಫಿಲ್ಟರ್ ಹಾಕಿದೆ. ಆಕಾಶ ಗಾಢವಾಗಿದೆ, ನಿಜ. ಆದರೆ ಗೋಪುರವೂ ಅದೇ ಬೂದು ಬಣ್ಣಕ್ಕೆ ಬಂದು ಕೂತಿದೆ! ತೆಳ್ಳಗಿನ ಅಡ್ಡಪಟ್ಟಿಗಳಂತೂ ಕಾಣುವುದೇ ಇಲ್ಲ. ಅದೇ ಜಾಗದಲ್ಲಿ ಮೊಬೈಲಿನಲ್ಲಿ ತೆಗೆದ ಕಲರ್ ಫೋಟೊದಲ್ಲಿ ಎಲ್ಲ ಸ್ಪಷ್ಟವಾಗಿದೆ. ಫೋಕಸ್ ಸರಿಯಿದೆ, ನೆಗೆಟಿವ್ ತೆಳುವಾಗಿಯೂ ಇಲ್ಲ.

ರೋಲ್36:
ಕಾಂಟ್ರಾಸ್ಟ್ ಕಡಿಮೆ ಆಗಿದೆ ಅನ್ಸುತ್ತೆ. ಡೆವಲಪರ್‌ನಲ್ಲಿ ಒಂದೆರಡು ನಿಮಿಷ ಜಾಸ್ತಿ ಬಿಡಿ.

ಕತ್ತಲೆಕೋಣೆ:
ರೋಲ್36 ಅವರೇ, ಅದರಿಂದ ಉಪಯೋಗ ಆಗಲ್ಲ. ಹೆಚ್ಚು ಡೆವಲಪ್ ಮಾಡಿದರೆ ಈಗಾಗಲೇ ಬೇರೆ ಬೇರೆ ಇರುವ ಟೋನ್‌ಗಳು ಇನ್ನಷ್ಟು ದೂರ ಹೋಗುತ್ತವೆ. ಎರಡು ಟೋನ್ ಒಂದೇ ಆಗಿದ್ದರೆ ಎಷ್ಟು ಹೊತ್ತು ಬಿಟ್ಟರೂ ಒಂದೇ.

ಗಣಿದಾರಿ, ನಿಮ್ಮ ಫಿಲ್ಟರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಕೆಂಪು ಫಿಲ್ಟರ್ ನೀಲಿಯನ್ನು ತಡೆದು ಕೆಂಪನ್ನು ಬಿಡುತ್ತದೆ. ಆಕಾಶ ನೀಲಿ, ಹಾಗಾಗಿ ಕೆಳಗಿಳಿಯುತ್ತದೆ. ತುಕ್ಕು ಕೆಂಪು-ಕಿತ್ತಳೆ, ಹಾಗಾಗಿ ಮೇಲೇರುತ್ತದೆ. ಫಿಲ್ಟರ್ ಇಲ್ಲದಿದ್ದಾಗ ಆಕಾಶ ತಿಳಿ ಬೂದು, ಕಬ್ಬಿಣ ಗಾಢ ಬೂದು. ಕೆಂಪು ಹಾಕಿದ ಕೂಡಲೇ ಒಂದು ಇಳಿದು ಇನ್ನೊಂದು ಏರಿ, ಮಧ್ಯದಲ್ಲಿ ಎರಡೂ ಸೇರಿಕೊಂಡವು. ಕಲರ್‌ನಲ್ಲಿ ಬೇರೆಯಾಗಿ ಕಂಡದ್ದಕ್ಕೆ ಬಣ್ಣದ ವ್ಯತ್ಯಾಸವೂ ಕಾರಣ, ಬರೀ ಬೆಳಕಿನದ್ದಲ್ಲ.

ದಾರಿ ಎರಡಿವೆ. ಒಂದು, ಹಿಂದಕ್ಕೆ ಹೋಗುವುದು: ಕೆಂಪು ತೆಗೆದು 11 ನಂಬರ್ ಹಳದಿ-ಹಸಿರು ಹಾಕಿ. ತುಕ್ಕು ಕಪ್ಪಾಗುತ್ತದೆ, ಆಕಾಶ ತಿಳಿಯಾಗಿಯೇ ಉಳಿಯುತ್ತದೆ, ಪ್ರತಿ ಅಡ್ಡಪಟ್ಟಿಯೂ ಗೆರೆ ಎಳೆದಂತೆ ಕಾಣುತ್ತದೆ. ಇನ್ನೊಂದು, ಅದೇ ದಿಕ್ಕಿನಲ್ಲಿ ಇನ್ನೂ ಮುಂದೆ ಹೋಗುವುದು: ಕೆಂಪಿನ ಜೊತೆ ಪೋಲರೈಸರ್ (ಆಕಾಶದ ಹೊಳಪನ್ನು ತಗ್ಗಿಸುವ ಫಿಲ್ಟರ್) ಸೇರಿಸಿ, ಸೂರ್ಯ ನಿಮ್ಮ ಪಕ್ಕಕ್ಕಿರುವಂತೆ ನಿಲ್ಲಿ. ಸೂರ್ಯನಿಂದ 90 ಡಿಗ್ರಿ ದೂರದ ಆಕಾಶ ಬಹಳ ಗಾಢವಾಗುತ್ತದೆ, ಬಿಸಿಲು ಬಿದ್ದ ಕಬ್ಬಿಣ ಬೆಳ್ಳಗೆ ಎದ್ದು ನಿಲ್ಲುತ್ತದೆ. ಆದರೆ ಬಿಸಿಲು ಬೀಳದ ಬದಿಯನ್ನು ಮರೆತುಬಿಡಿ. ನೆರಳಿಗೆ ಬರುವುದು ಆಕಾಶದ ನೀಲಿ ಬೆಳಕು, ಕೆಂಪು ಫಿಲ್ಟರ್ ಅದನ್ನೂ ತಿಂದುಹಾಕುತ್ತದೆ.

ನನ್ನ ಕೇಳಿದರೆ ಮೊದಲನೆಯದೇ ಸರಿ. ಕಪ್ಪು ಆಕಾಶ ಅಂದ್ರೆ ಎಲ್ಲರಿಗೂ ಆಸೆ, ಆದರೆ ಹೆಡ್‌ಗೇರ್‌ನ ಅಂದ ಇರುವುದು ಅದರ ಜಾಲದಲ್ಲಿ. ಜರ್ಮನಿಯ ಬೆಷರ್ ದಂಪತಿ, ಬರ್ನ್ಡ್ ಮತ್ತು ಹಿಲ್ಲಾ, ದಶಕಗಟ್ಟಲೆ ಇಂಥ ಗಣಿ ಗೋಪುರಗಳನ್ನೇ ತೆಗೆದರು. ಅವರು ಆರಿಸಿಕೊಳ್ಳುತ್ತಿದ್ದದ್ದು ಮೋಡ ಮುಚ್ಚಿದ, ನೆರಳೇ ಇಲ್ಲದ ದಿನಗಳನ್ನು. ಹಿಂದೆ ಬರೀ ಬೆಳ್ಳನೆಯ ಆಕಾಶ, ಮುಂದೆ ಕಬ್ಬಿಣ. 1990ರಲ್ಲಿ ವೆನಿಸ್‌ನಲ್ಲಿ ಅವರಿಗೆ ಶಿಲ್ಪಕಲೆಯ ಬಹುಮಾನ ಕೊಟ್ಟರು ನೋಡಿ, ಫೋಟೊಗಳಿಗೆ!

ಗಣಿದಾರಿ:
ಥ್ಯಾಂಕ್ಸ್ ಸರ್. ಫಿಲ್ಮ್ ದುಬಾರಿ, ಮೊದಲೇ ನೋಡಿಕೊಳ್ಳುವ ಉಪಾಯ ಇದೆಯಾ? ಮೋಡ ಇದ್ದರೂ ಹಳದಿ-ಹಸಿರು ಬೇಕಾ?

ಕತ್ತಲೆಕೋಣೆ:
ನಿಮ್ಮ ಮೊಬೈಲ್ ಫೋಟೊವನ್ನೇ ಬಳಸಿ. ಎಡಿಟಿಂಗ್ ಆ್ಯಪ್‌ನಲ್ಲಿ ಕಪ್ಪು-ಬಿಳುಪು ಮಾಡಿ, ಕೆಂಪು ಚಾನೆಲ್ ಒಂದನ್ನೇ ನೋಡಿ, ಆಮೇಲೆ ಹಸಿರು ಚಾನೆಲ್. ಫಿಲ್ಮಿನಲ್ಲಿ ಏನಾಗಬಹುದು ಅನ್ನುವ ಅಂದಾಜು ಸಿಗುತ್ತದೆ. ಆದರೆ ಡಿಜಿಟಲ್ ಫೋಟೊವನ್ನೇ ಅಂತಿಮವಾಗಿ ಬಳಸುವುದಾದರೆ ನೀಲಿ ಸ್ಲೈಡರ್ ತುಂಬಾ ಕೆಳಗೆ ಎಳೆಯಬೇಡಿ. ಆಕಾಶದಲ್ಲಿ ಕಾಳು ಕಾಳು ಬರುತ್ತದೆ, ಕಬ್ಬಿಣದ ಅಂಚಿಗೆ ಬಿಳಿ ಗೆರೆ ಮೂಡುತ್ತದೆ.

ಪೂರ್ತಿ ಮೋಡ ಇದ್ದರೆ ಆಕಾಶಕ್ಕೆ ಯಾವ ಫಿಲ್ಟರ್ ಹಾಕಿದರೂ ಒಂದೇ, ಬಿಳಿಯಲ್ಲಿ ತಡೆಯಲು ನೀಲಿ ಜಾಸ್ತಿ ಇಲ್ಲ. ಹಳದಿ-ಹಸಿರು ಆಗ ತುಕ್ಕನ್ನು ಮಾತ್ರ ಇಳಿಸುತ್ತದೆ. ಬೆಳಕಿನ ಮೀಟರ್ ನೋಡುವಾಗ ಬರೀ ಆಕಾಶಕ್ಕೆ ತಿರುಗಿಸಬೇಡಿ, ಗೋಪುರ ಮಸಿಯಾಗುತ್ತದೆ. ಫಿಲ್ಟರ್ ತೆಗೆದು, ಹತ್ತಿರ ಹೋಗಿ ಕಬ್ಬಿಣವನ್ನೇ ಅಳೆದು, ಅದಕ್ಕಿಂತ ಒಂದು ಸ್ಟಾಪ್ ಕಡಿಮೆ ಲೆಕ್ಕ ಹಾಕಿ (ಒಂದು ಸ್ಟಾಪ್ ಕಡಿಮೆ ಅಂದರೆ ಬೆಳಕು ಅರ್ಧ, ಒಂದು ಜಾಸ್ತಿ ಅಂದರೆ ಎರಡು ಪಟ್ಟು). ಆಮೇಲೆ ಫಿಲ್ಟರ್‌ಗೆ ಅಂತ ಎರಡು ಸ್ಟಾಪ್ ಸೇರಿಸಿ. ಕೆಂಪಿಗಾದರೆ ಮೂರು.

ಉರಿಗಾಂಪೇಟೆ:
ಊರಿನವನಾಗಿ ಒಂದು ಮಾತು. "ಹತ್ತಿರ ಹೋಗಿ ಅಳೆಯಿರಿ" ಅನ್ನುವುದು ಇಲ್ಲಿ ನಡೆಯಲ್ಲ. ಶಾಫ್ಟ್ ಹತ್ತಿರ ನೆಲ ಕುಸಿಯಬಹುದು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ ಇಳಿದಿದೆ, ತಿಳ್ಕೊಳ್ಳಿ. ಅನುಮತಿ ಇಲ್ಲದೆ ಬೇಲಿ ದಾಟಬೇಡಿ, ರಸ್ತೆಯಿಂದಲೇ ಒಳ್ಳೆ ಕೋನಗಳು ಸಿಗುತ್ತವೆ. ಇನ್ನೊಂದು, ಗಾಳಿ ಇರುವ ದಿನ ಸೈನೈಡ್ ಗುಡ್ಡಗಳ (ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳು) ಕಡೆಯಿಂದ ನುಣ್ಣನೆ ಧೂಳು ಹಾರುತ್ತದೆ. ಅಲ್ಲಿ ಲೆನ್ಸ್ ಬಿಚ್ಚಬೇಡಿ, ಮೂಗಿಗೂ ಬಟ್ಟೆ ಕಟ್ಟಿಕೊಳ್ಳಿ.

ಕತ್ತಲೆಕೋಣೆ:
ಸರಿಯಾದ ಮಾತು. ಹತ್ತಿರ ಹೋಗಲಾಗದಿದ್ದರೆ ನೀವು ನಿಂತ ಜಾಗದಲ್ಲೇ, ಅದೇ ಬೆಳಕಿನಲ್ಲಿ ನಿಮ್ಮ ಅಂಗೈ ಅಳೆಯಿರಿ. ಅಂಗೈ ತುಕ್ಕಿಗಿಂತ ತಿಳಿ ಬಣ್ಣದ್ದು, ಹಾಗಾಗಿ ಆಗ ಏನೂ ಕಡಿಮೆ ಮಾಡಬೇಡಿ. ಫಿಲ್ಟರ್‌ನ ಎರಡು ಸ್ಟಾಪ್ ಮಾತ್ರ ಸೇರಿಸಿ.

ಗಣಿದಾರಿ:
ಮೊಬೈಲಿನಲ್ಲಿ ನೋಡಿದೆ. ಕೆಂಪು ಚಾನೆಲ್‌ನಲ್ಲಿ ಗೋಪುರ ಮಾಯ, ಹಸಿರಿನಲ್ಲಿ ಚಕ್ರದ ಕಡ್ಡಿಗಳೂ ಎಣಿಸುವಂತಿವೆ! ಆದರೆ ನನ್ನ ಲೆನ್ಸ್‌ಗೆ ಕೂರುವ ಫಿಲ್ಟರ್ ಅಳತೆ 49 ಎಂಎಂ, ಆ ಅಳತೆಯ 11 ನಂಬರ್ ಎಲ್ಲೂ ಸಿಗುತ್ತಿಲ್ಲ.

ರೋಲ್36:
52ರದ್ದು ತಗೊಳ್ಳಿ, 49–52 ಸ್ಟೆಪ್-ಅಪ್ ರಿಂಗ್ (ಸಣ್ಣ ಲೆನ್ಸ್‌ಗೆ ದೊಡ್ಡ ಫಿಲ್ಟರ್ ಕೂರಿಸುವ ಬಳೆ) ಹಾಕಿ. ಲೆನ್ಸ್‌ಗೆ ಬಿಸಿಲು ತಡೆಯುವ ಹಳೆಯ ಹುಡ್ ಮಾತ್ರ ಕೂರಲ್ಲ, ಪಕ್ಕದಿಂದ ಬಿಸಿಲು ಬಿದ್ದರೆ ಕೈಯೇ ಅಡ್ಡ ಹಿಡಿಯಿರಿ.