ಸಹಾಯ ಬೇಕು: ಸೋವಿಯತ್ 'ಜ್ವೆನೋ' ವಿಮಾನದ ಚಿತ್ರ, ನಕ್ಷೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳ ಶಾಲೆಯ ವಿಜ್ಞಾನ ಮೇಳಕ್ಕೆ ಜ್ವೆನೋ ವಿಮಾನದ ಮಾದರಿ ಮಾಡುತ್ತಿದ್ದೇವೆ. ಟಿಬಿ-3 ಎಂಬ ನಾಲ್ಕು ಎಂಜಿನ್‌ನ ಬಾಂಬರ್, ಅದರ ರೆಕ್ಕೆಗಳ ಕೆಳಗೆ ಒಂದೊಂದು ಐ-16 ಫೈಟರ್. ವ್ಲಾದಿಮಿರ್ ವಖ್ಮಿಸ್ತ್ರೋವ್ ಎಂಬ ಎಂಜಿನಿಯರ್ 1930ರ ದಶಕದಲ್ಲಿ ರೂಪಿಸಿದ್ದು.

ಸುಮ್ನೆ ಪ್ರಯೋಗವಾಗಿ ಉಳಿಯಲಿಲ್ಲ, ಯುದ್ಧದಲ್ಲೂ ಬಳಸಿದರು. 250 ಕೆಜಿಯ ಎರಡು ಬಾಂಬ್ ಹೊತ್ತು ಐ-16 ತಾನಾಗಿ ನೆಲದಿಂದ ಏಳಲಾರದು. ದೊಡ್ಡ ವಿಮಾನ ಹೊತ್ತೊಯ್ದರೆ ಆ ಕಷ್ಟವಿಲ್ಲ, ದೂರವೂ ಜಾಸ್ತಿ ಸಿಗುತ್ತದೆ. 1941ರ ಜುಲೈನಲ್ಲಿ ರೊಮೇನಿಯಾದ ಕಾನ್‌ಸ್ಟಾಂಟಾ ಮೇಲೆ, ಆಗಸ್ಟ್‌ನಲ್ಲಿ ಡ್ಯಾನ್ಯೂಬ್ ನದಿಯ ಚೆರ್ನವೋದಾ ಸೇತುವೆ ಮೇಲೆ ಹೀಗೆಯೇ ದಾಳಿ ಮಾಡಿದರು. ಗುರಿ ಹತ್ತಿರವಾದಾಗ ಕಳಚಿಕೊಂಡ ಫೈಟರ್‌ಗಳು ತಾವಾಗಿಯೇ ಹಾರಿ ವಾಪಸ್ ಬಂದವು. ಎಂಥ ಧೈರ್ಯ ಬೇಕು, ಅಲ್ವಾ!

ನಾವು ಸಿಕ್ಕಿಹಾಕಿಕೊಂಡಿರುವುದು ಐ-16 ತಗುಲಿಸುವ ಕಂಬಿಗಳ ಜಾಗದಲ್ಲಿ. ಸಿಕ್ಕ ಫೋಟೊಗಳೆಲ್ಲ ದೂರದಿಂದ ತೆಗೆದವು. ಯಾರ ಬಳಿಯಾದರೂ ಹತ್ತಿರದ ಚಿತ್ರ ಅಥವಾ ಅಳತೆ ಇರುವ ನಕ್ಷೆ ಇದ್ದರೆ ದಯವಿಟ್ಟು ಇಲ್ಲೇ ಹಾಕಿ. ರಷ್ಯನ್ ಓದಲು ಬರುವವರಿದ್ದರೆ ಇನ್ನೂ ಒಳ್ಳೆಯದು, ನಕ್ಷೆಯ ಮೇಲಿನ ಬರಹ ಓದಿ ಹೇಳಿದರೆ ಸಾಕು. ಥರ್ಮಾಕೋಲ್ ಬಿಟ್ಟು ಬೇರೆ ಯಾವ ಹಗುರ ವಸ್ತು ಬಳಸಬಹುದು ಅಂತಲೂ ತಿಳಿಸಿ.